ಬಾಯಿಗೆ ನೀರು

ಬಾಗಿಲು ಮುಚ್ಚು ಅಂದ ಅಪ್ಪ, ಕಿಟಕಿಗೆ ಗೋಣಿ ಎಳಿ.
ಬಿಸಿಲಿನಲ್ಲಿ ಉಕ್ಕು ಸುಳ್ಳು ಹೇಳುತ್ತದೆ,
ಕಾದಿದ್ದರೂ ಕಾದಿಲ್ಲ ಅನ್ನುತ್ತದೆ.
ಕತ್ತಲಲ್ಲಿ ಮಾತ್ರ ಅದರ ಬಣ್ಣ ನಿಜ.

ಅವನಿಗೀಗ ಎಲ್ಲ ಹೊತ್ತೂ ಒಂದೇ.
ನಲವತ್ತು ವರ್ಷ ಬೆಂಕಿಯನ್ನೇ ನೋಡಿದ ಕಣ್ಣಿಗೆ
ಹಾಲಿನ ಕೆನೆ ಕಟ್ಟಿದೆ.
ಒಂದು ಕಣ್ಣಾದರೂ ಬಿಡಿಸಬಹುದು ಅಂದರು ಧರಾನಿನ ಡಾಕ್ಟರು.
ಮುಂದಿನ ಚಳಿಗೆ ನೋಡೋಣ ಅಂದ.
ಮೂರು ಚಳಿ ಹೋಯಿತು.

ಹಾಗಾಗಿ ಇವತ್ತು ನಾನು, ಸುಂತಲಿ ರಸಾಯಿಲಿ,
ಭೋಜಪುರದ ಪೇಟೆಯ ಕೆಳಗಿನ ಕುಲುಮೆಯಲ್ಲಿ
ಇಕ್ಕಳ ಹಿಡಿದು ಕೂತಿದ್ದೇನೆ. ತಿದಿಗೆ ತಮ್ಮ.

ಹೋದ ಮಳೆಗಾಲ ಕಣಿವೆಗೆ ಉರುಳಿದ ಲಾರಿಯ
ಕಮಾನು ಪಟ್ಟಿ ಇದು.
ಎಷ್ಟು ಗುಂಡಿ ಎಣಿಸಿತ್ತೋ, ಎಷ್ಟು ಮೂಟೆ ಹೊತ್ತಿತ್ತೋ,
ಮೂರು ದಿನ ಪೆಟ್ಟು ತಿಂದು
ಖುಕುರಿಯಾಗಿ ಬಾಗಿದೆ.
ಅರ ಹಾಕಿದ್ದೇನೆ, ಅಡ್ಡ ಒಮ್ಮೆ, ಉದ್ದ ಒಮ್ಮೆ,
ಸುತ್ತಿಗೆಯ ಒಂದು ಗುರುತೂ ಉಳಿಯದಂತೆ.
ಗೀರು ಇದ್ದಲ್ಲೇ ಬಿರುಕು ಮನೆ ಮಾಡುವುದು.

ಕೆಂಪು. ಇನ್ನೂ ಕೆಂಪು.
ಗುರಾಂಸ್ ಹೂವಿನ ಕೆಂಪು ಸಾಲದು, ಅದರಾಚೆ,
ಕಿತ್ತಳೆ ಹಣ್ಣಾಗಲು ಇನ್ನೊಂದೇ ದಿನ ಇರುವಾಗಿನ ಬಣ್ಣ.
ಒಡೆದ ರೇಡಿಯೋದ ಅಯಸ್ಕಾಂತವನ್ನು ತಂತಿಗೆ ಕಟ್ಟಿ ಹತ್ತಿರ ತಂದೆ.
ಬೆಳಿಗ್ಗೆ ಹಾರಿ ಅಂಟುತ್ತಿದ್ದದ್ದು
ಈಗ ಗುರುತೇ ಇಲ್ಲದವರಂತೆ ತೂಗಾಡಿತು.
ಹೂಂ, ಈಗ, ಅಂದ ಅಪ್ಪ, ನಾನು ಹೇಳುವ ಮೊದಲೇ.
ಇದ್ದಿಲ ಸದ್ದು ಬದಲಾಗುತ್ತದಂತೆ.
ನನಗಿನ್ನೂ ಕೇಳಿಸಿಲ್ಲ.

ಕೆಟಲಿ ಎತ್ತಿದೆ. ಚಹಾದ ಕೆಟಲಿಯೇ, ಮೂತಿ ಕೊಂಚ ಸೊಟ್ಟ.
ಮುಳುಗಿಸಬಾರದು. ಮುಳುಗಿಸಿದರೆ ಇಡೀ ಮೈ ಗಾಜು,
ಮೊದಲ ಮೂಳೆಗೇ ಎರಡು ತುಂಡು.
ಬಾಯಿಗೆ ಮಾತ್ರ ನೀರು. ಬೆನ್ನಿಗೆ ಬೇಡ,
ಪೆಟ್ಟು ತಡೆಯುವ ಬೆನ್ನು ಮೆತ್ತಗೇ ಇರಬೇಕು.
ನೂಲಿನಷ್ಟು ಧಾರೆ, ತುದಿಯಿಂದ ಹೊಟ್ಟೆಗೆ,
ಹೊಟ್ಟೆಯಿಂದ ಹಿಡಿಯವರೆಗೆ, ಮತ್ತೆ ಹಿಂದಕ್ಕೆ,
ಹಸುಗೂಸಿಗೆ ಒಳಲೆಯಲ್ಲಿ ಹಾಲು ಬಿಡುವ ಹಾಗೆ.

ಹೋದ ತಿಂಗಳು ಇಲ್ಲೇ ಕೈ ನಡುಗಿತ್ತು.
ಟಿಣ್ ಅಂದಿತ್ತು,
ಇಲಿ ಕಾಳು ಕಡಿದಷ್ಟು ಸಣ್ಣಗೆ.
ಅಪ್ಪ ಬೈಯಲಿಲ್ಲ. ಗೋಡೆ ಹಿಡಿದು ಹೊರಗೆ ಹೋಗಿ ಬೀಡಿ ಹಚ್ಚಿದ.
ಬೈದಿದ್ದರೆ ಚೆನ್ನಾಗಿತ್ತು.

ಇವತ್ತು ಚುಂಯ್ ಅನ್ನುವ ಸದ್ದು ಒಂದೇ ಎಳೆ, ಎಲ್ಲೂ ಕಡಿಯಲಿಲ್ಲ.
ಸಾಕು, ನಿಲ್ಲಿಸು. ಬೆನ್ನಿನ ಬಿಸಿ ಇಳಿದು ಬರಲಿ.
ಬೂದಿ ಉಜ್ಜಿ ಅಂಚು ಬೆಳ್ಳಗೆ ಮಾಡಿ ಕಾದೆ.
ಬಂತು, ಒಣಹುಲ್ಲಿನ ಬಣ್ಣ.
ಹಿಂದೆಯೇ ಜೇನು, ಅದರ ಹಿಂದೆ ಹೊಂಚುತ್ತ ನೇರಳೆ.
ಹುಲ್ಲು ಬಾಯಿ ಮುಟ್ಟಿದ್ದೇ
ಕೊನೆಯ ಗುಟುಕು ಹೊಯ್ದೆ. ಬಣ್ಣಗಳು ನಿಂತಲ್ಲೇ ನಿಂತವು.
ಅರ ಎಳೆದರೆ ಜಾರಿತು, ಹಿಡಿಯಲಿಲ್ಲ.

ಅಂಗಳದಲ್ಲಿ ಖಡ್ಕಾ ಮುಖಿಯಾ ಕೂತಿದ್ದಾನೆ.
ದಸೈನ್ ಹತ್ತಿರ ಬಂತು, ಮೇಕೆ ಕಡಿಯಲು ಹೊಸದು ಬೇಕು.
ದುಡ್ಡಲ್ಲ, ಸುಗ್ಗಿಗೆ ನಾಲ್ಕು ಬಳ್ಳ ರಾಗಿ.
ಇಷ್ಟೆತ್ತರ ಏರಿ ಬಂದು ತುಟಿ ಒಣಗಿದೆ.
ಅವನು ಕೇಳಲಿಲ್ಲ, ನಾವು ಕೊಡಲಿಲ್ಲ,
ಇಬ್ಬರಿಗೂ ರೂಢಿ.

ಹೆಬ್ಬೆರಳಲ್ಲಿ ಬಾಯಿ ಸವರಿ,
ಹದ ಚೆನ್ನಾಗಿದೆ, ಪದಮಲಾಲ್, ಅಂದ.
ನೀರು ಕೊಟ್ಟಿದ್ದು ಮಗಳು, ಅಂದ ಅಪ್ಪ.
ಮುಖಿಯಾ ಖುಕುರಿ ನೋಡಿದ.
ಆಮೇಲೆ ಕೆಟಲಿ ನೋಡಿದ.
ಅವನ ತಾತನ ಕತ್ತಿಗೂ ಇದೇ ಒರತೆಯ ನೀರು.

ಕೆಟಲಿಯಲ್ಲಿ ಇನ್ನರ್ಧ ಉಳಿದಿತ್ತು.
ಕೆಂಡದ ಮೇಲಿಟ್ಟು ಚಹಾಪುಡಿ ಹಾಕಿದೆ.
ಮನೆಯಲ್ಲಿ ನಾವು ಮೂವರು.
ಅಡಿಗಲ್ಲಿನ ಮೇಲೆ ಲೋಟ ಇಡುತ್ತ ಹೋದೆ,
ಒಂದು, ಎರಡು, ಮೂರು,
ನಾಲ್ಕು.

ಅಪ್ಪ ತಲೆ ಎತ್ತಿದ.